ಒಂದು ದಿನದ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಭಾವಿಕೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಬಾಣಂತಿಗೆ ನೀರು ಹಾಕುವವಳು ಮೆತ್ತಗಿದ್ದರೆ ಕೆಲಸ ಆಗುವುದಿಲ್ಲ. ನೀರು ಸುಡುತ್ತದೆ ಎಂದು ಬಾಣಂತಿ ಅಳುತ್ತಾಳೆ, ಮಗುವಿನ ಮೂಗು ತೀಡಬೇಡಿ ಎಂದು ಅದರ ಅಪ್ಪ ಫೋನಿನಲ್ಲಿ ಕೂಗುತ್ತಾನೆ, ಹೊಟ್ಟೆಗೆ ಬಟ್ಟೆ ಬಿಗಿದದ್ದು ಸಾಲದು ಎಂದು ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಬುದ್ಧಿ ಹೇಳುತ್ತಾಳೆ. ಎಲ್ಲರ ಮಾತು ಕೇಳುತ್ತಾ ಕೂತರೆ ಹಂಡೆಯ ನೀರು ಆರಿ ತಣ್ಣಗಾಗುತ್ತದೆ. ಮೂವತ್ತು ವರ್ಷದಿಂದ ಈ ಕೆಲಸ ಮಾಡಿದವಳು ನಾನು, ಬೀರಿ. ಹಿಡಿದ ಬಾಣಂತನದಲ್ಲಿ ಒಂದೇ ಒಂದು ದಿನ ತಪ್ಪಿಸಿದವಳಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಕೊರೋನಾ ಕಾಲದಲ್ಲಿ ಪೊಲೀಸರು ರಸ್ತೆಯಲ್ಲಿ ನಿಂತಿದ್ದಾಗಲೂ ಗದ್ದೆಯ ಬದುವಿನ ಮೇಲೆ ನಡೆದುಹೋಗಿ ನೀರು ಹಾಕಿ ಬಂದಿದ್ದೇನೆ.

ಈಗ ಆ ಮಾತನ್ನು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದನ್ನು ಹೇಳಬೇಕಾಗಿದೆ.

ನಮ್ಮ ಪಕ್ಕದ ಮನೆ ಲತಾಳದು. ಅವಳ ಗಂಡ ಸತೀಶ ಬೋಟಿನಲ್ಲಿ ದುಡಿಯುತ್ತಿದ್ದ, ತೀರಿಕೊಂಡು ಎಂಟು ವರ್ಷವಾಯಿತು. ಅಂಕೋಲೆಯ ಮೀನುಪೇಟೆಯಲ್ಲಿ ನಾನೂ ಅವಳೂ ಪಕ್ಕಪಕ್ಕ ಬುಟ್ಟಿ ಇಟ್ಟು ಕೂತವರು. ಅವಳಿಗೆ ಒಬ್ಬಳೇ ಮಗಳು, ಪೂರ್ಣಿಮಾ. ಅವಳು ಹುಟ್ಟಿದಾಗ ಕಾಲು ಚಾಚಿ ಕೂತು, ಕಾಲ ಮೇಲೆ ಅವಳನ್ನು ಮಲಗಿಸಿಕೊಂಡು ನೀರು ಹಾಕಿದವಳು ನಾನೇ. ನನಗೆ ಮಕ್ಕಳಿಲ್ಲ. ಅವಳು ನಮ್ಮ ಮನೆಯಲ್ಲಿ ಉಂಡದ್ದೇ ಹೆಚ್ಚು. ಹತ್ತು ವರ್ಷದವಳಿದ್ದಾಗಲೇ, ದೊಡ್ಡವಳಾದ ಮೇಲೆ ನನ್ನ ಬಾಣಂತನ ಬೀರಕ್ಕನೇ ಮಾಡಬೇಕು ಎಂದು ಎಲ್ಲರೆದುರು ಹೇಳಿ ನಗಿಸಿದ ಹುಡುಗಿ ಅದು.

ಅವಳ ಗಂಡ ಕಿಶನ ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿರುವವನು. ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ, ಇರಲು ಕ್ವಾರ್ಟರ್ಸು. ಮೆತ್ತಗಿನ ಹುಡುಗ, ಎರಡು ಮಾತಿಗೆ ಒಂದು ಮಾತು ಆಡುವವನು. ಆದರೆ ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಹೆರಿಗೆಗೆ ತಿಂಗಳಿರುವಾಗಲೇ ಅವನು ಲತಾಳಿಗೆ ಫೋನು ಮಾಡಿ, ನೀರು ಅಷ್ಟು ಸುಡುವುದು ಬೇಡ, ಬಾಣಂತಿ ಕೋಣೆಯಲ್ಲಿ ಹೊಗೆ ಹಾಕುವುದು ಬೇಡ, ಕಿಟಕಿ ತೆರೆದಿರಲಿ, ಡಾಕ್ಟರು ಹೇಳಿದ್ದಾರೆ ಎಂದಿದ್ದ. ಬೀರಕ್ಕನಿಗೂ ವಯಸ್ಸಾಯಿತು, ಬೇಕಾದರೆ ಮಲ್ಲಾಪುರದಿಂದ ತರಬೇತಿಯಾದ ಒಬ್ಬ ಹೆಂಗಸನ್ನು ಕಳಿಸುತ್ತೇನೆ ಎಂದೂ ಅಂದನಂತೆ. ಲತಾ ನಗುತ್ತಾ ಬಂದು ನನಗೆ ಹೇಳಿದಳು. ನನಗೆ ನಗು ಬರಲಿಲ್ಲ. ನನ್ನ ಕೈಯಲ್ಲಿ ಬೆಳೆದ ಹುಡುಗಿಗೆ ನೀರು ಹಾಕಲು ಬೇರೆಯವಳನ್ನು ಕಳಿಸುವ ಇವನು ಯಾರು ಎಂದು ಮೈಯೆಲ್ಲ ಉರಿದುಹೋಯಿತು.

ಕಳೆದ ಜುಲೈಯಲ್ಲಿ ಅಂಕೋಲೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಸುಖವಾಗಿ ಆಯಿತು. ಮೂರನೇ ದಿನ ಮನೆಗೆ ಕರೆದುಕೊಂಡು ಬಂದರು. ಅವತ್ತಿನಿಂದಲೇ ನಾನು ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿ, ಲಕ್ಕಿಸೊಪ್ಪು ಕುದಿಸಿ, ಅವಳ ಮೈಗೆ ಎಣ್ಣೆ ಅರಿಶಿನ ತಿಕ್ಕಿ ನೀರು ಹಾಕತೊಡಗಿದೆ. ಆಮೇಲೆ ಕೆಂಡದ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕಿ ಹೊಗೆ. ಕಿಟಕಿಗೆ ಕಂಬಳಿ ಕಟ್ಟಿದ್ದೆ. ಪೂರ್ಣಿಮಾ ಒಂದು ದಿನವೂ ಬೇಡ ಅನ್ನಲಿಲ್ಲ. ತಲೆ ತಿಕ್ಕುವಾಗ ನನ್ನ ಮೊಣಕಾಲ ಮೇಲೆ ಹಣೆಯಿಟ್ಟು ನಿದ್ದೆ ಹೋಗಿಬಿಡುತ್ತಿದ್ದಳು.

ಐದನೇ ದಿನ ಒಣಮೀನು ತರಲು ಪೇಟೆಗೆ ಹೋದೆ. ಅಲ್ಲಿ ಚಂಪಾ ಎಂಬ ಹಳೇ ಗೆಳತಿ ಬುಟ್ಟಿಯೆದುರು ಕೆಮ್ಮುತ್ತಾ ಕೂತಿದ್ದಳು. ಅವಳ ಪಕ್ಕದಲ್ಲೇ ಕೂತು, ಅವಳ ಸಂಚಿಯಿಂದಲೇ ಎಲೆ ಅಡಿಕೆ ಹಾಕಿಕೊಂಡು ಅರ್ಧ ತಾಸು ಮಾತಾಡಿ ಬಂದೆ. ಮರುದಿನವೇ ಅಂದರೆ ಆರನೇ ದಿನ ಏಳುವಾಗ ಮೈಕೈ ಮುರಿದು ಹಾಕಿದ ಹಾಗೆ ನೋವು. ಹಣೆ ಮುಟ್ಟಿಕೊಂಡರೆ ಕಾದ ಕಾವಲಿ. ಜ್ವರ ಎಂದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇವತ್ತು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ.

ಲತಾಳಿಗೆ ಹೇಳಿದ್ದರೆ ಏನಾಗುತ್ತಿತ್ತು? ನಾಲ್ಕು ದಿನ ಮಲಗಿಕೋ ಬೀರಕ್ಕ ಅನ್ನುತ್ತಿದ್ದಳು, ಅಷ್ಟೆ. ಆದರೆ ಆ ನಾಲ್ಕು ದಿನಕ್ಕೆ ಮಲ್ಲಾಪುರದವಳು ಬರುತ್ತಾಳೆ, ಕಿಟಕಿಯ ಕಂಬಳಿ ಬಿಚ್ಚುತ್ತಾಳೆ, ಕಿಶನ ಗೆದ್ದ ಹಾಗಾಗುತ್ತದೆ ಎಂದು ನನ್ನ ತಲೆಯಲ್ಲಿ ಕೂತಿತು. ಒಂದು ಜ್ವರದ ಗುಳಿಗೆ ನುಂಗಿ, ತಲೆಗೆ ಬಟ್ಟೆ ಬಿಗಿದುಕೊಂಡು ಹೋದೆ. ಆರು, ಏಳು, ಎಂಟು, ಮೂರು ದಿನವೂ ಹೋದೆ. ಬಚ್ಚಲಿನ ಹಬೆಯಲ್ಲಿ ಅವಳ ತಲೆ ನನ್ನ ಮೊಣಕಾಲ ಮೇಲಿತ್ತು. ಕೆಮ್ಮು ಬಂದಾಗ ಮುಖ ಆ ಕಡೆ ತಿರುಗಿಸುತ್ತಿದ್ದೆ, ಕೆಲವು ಸಲ ತಿರುಗಿಸುವಷ್ಟು ಪುರುಸೊತ್ತೂ ಇರಲಿಲ್ಲ. ಹೊಗೆಗೆ ಕೆಮ್ಮು ಎಂದೆ. ಲತಾಳೂ ಎರಡು ದಿನ ಕೆಮ್ಮಿದಳು, ಅವಳಿಗೂ ಹೊಗೆ ಎಂದೇ ಹೇಳಿದೆ.

ಎಂಟನೇ ದಿನ ಸಂಜೆ ಕಿಶನ ಬಂದ. ಬಸ್ಸಿಳಿದು ಮಳೆಯಲ್ಲಿ ನೆನೆದು ಬಂದವನು, ಬಾಗಿಲಲ್ಲೇ ನಾಲ್ಕು ಸಲ ಸೀನಿದ. ಮಗುವನ್ನು ಎತ್ತಿಕೊಂಡ, ಹೆಂಡತಿಯ ಹತ್ತಿರ ಕೂತ. ಮರುದಿನ ಬೆಳಿಗ್ಗೆ ಪೂರ್ಣಿಮಾಳ ಮೈ ಬಿಸಿಯಾಗಿತ್ತು.

ಅವತ್ತೇ ಕಿಶನ ಆಸ್ಪತ್ರೆಗೆ ಹೋಗೋಣ ಅಂದ. ಬಾಣಂತಿಯನ್ನು ಮಳೆಗಾಳಿಗೆ ಹೊರಗೆ ಒಯ್ಯುತ್ತೀಯಾ, ಸೀತವಾಗಿದೆ ಅಷ್ಟೆ ಎಂದು ನಾನು ಅವನ ಮೇಲೆ ಹರಿಹಾಯ್ದೆ. ಮೆಣಸಿನ ಕಷಾಯ ಕುಡಿಸಿದೆ, ಕೋಣೆಗೆ ಇನ್ನೊಂದು ಹಿಡಿ ಕೆಂಡ ತಂದಿಟ್ಟೆ. ಮರುದಿನವೂ ಅವನು ಕೇಳಿದ. ಮರುದಿನವೂ ಬೈದೆ. ಎರಡು ದಿನ ಹೀಗೆ ಹೋಯಿತು. ನನ್ನ ಜ್ವರ ನಾಲ್ಕು ದಿನಕ್ಕೆ ಬಿಟ್ಟಿತ್ತು, ಅವಳದೂ ಬಿಡುತ್ತದೆ ಎಂದು ನಾನು ನಂಬಿದ್ದೆ. ಅಂದರೆ ಅದು ನನ್ನದೇ ಜ್ವರ ಎಂದು ನನ್ನ ಮನಸ್ಸಿಗೆ ಆಗಲೇ ಗೊತ್ತಿತ್ತು. ಹನ್ನೊಂದನೇ ದಿನ ಬೆಳಿಗ್ಗೆ ಅವಳು ಮಗುವಿಗೆ ಹಾಲು ಕೊಡಲು ಏಳಲಾರದೆ ಗೋಡೆಗೆ ಒರಗಿ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ತುಟಿ ನೇರಳೆಯಾಗಿತ್ತು. ಕಿಶನ ನನ್ನನ್ನು ಕೇಳಲಿಲ್ಲ. ಬಾಡಿಗೆ ಕಾರು ಕರೆಸಿ, ಅವಳನ್ನು ಎತ್ತಿಕೊಂಡು ಹೋಗಿ ಅದರಲ್ಲಿ ಹಾಕಿದ.

ಅಂಕೋಲೆಯಲ್ಲಿ ನೋಡಿದವರು ತಡಮಾಡದೆ ಆಂಬುಲೆನ್ಸಿನಲ್ಲಿ ಕಾರವಾರಕ್ಕೆ ಕಳಿಸಿದರು. ಹಿಂದಿನ ಕಾರಿನಲ್ಲಿ ನಾನೂ ಲತಾಳೂ ಮಗುವನ್ನು ಹಿಡಿದುಕೊಂಡು ಕೂತಿದ್ದೆವು. ಅವರ್ಸಾ ಊರು ದಾಟುವಾಗ ಲತಾ, ಬೀರಕ್ಕ, ಸೀತವೇ ಅಲ್ಲವೇ ಅದು ಎಂದು ಕೇಳಿದಳು. ಹೌದು ಎಂದೆ.

ಕಾರವಾರದಲ್ಲಿ ಬಾಯಿಗೆ ನಳಿಗೆ ಹಾಕಿ ವೆಂಟಿಲೇಟರಿಗೆ ಕೊಟ್ಟರು. ಹಂದಿಜ್ವರ ಎಂದು ನಾವು ಕರೆಯುವ ಫ್ಲೂ, ಎರಡೂ ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಮರುದಿನ, ಅಂದರೆ ಮಗುವಿಗೆ ಹೆಸರಿಡಬೇಕಾಗಿದ್ದ ಹನ್ನೆರಡನೇ ದಿನ, ವೆಂಟಿಲೇಟರಿನಿಂದಲೂ ಆಗುತ್ತಿಲ್ಲ ಎಂದು ಗೋವೆಯ ಒಂದು ಆಸ್ಪತ್ರೆಯಿಂದ ಒಂದು ಯಂತ್ರ ತರಿಸಿದರು. ಯಂತ್ರದ ಜೊತೆಗೆ ಐದು ಜನ ಬಂದಿದ್ದರು. ಅವರ ಮುಖ್ಯಸ್ಥೆ ವೈಜಯಂತಿ ಎಂಬ ಡಾಕ್ಟರು, ನಡುವಯಸ್ಸಿನವರು, ಕೊಂಕಣಿ ಬೆರೆಸಿ ಕನ್ನಡ ಆಡುವವರು. ಅವಸರದಲ್ಲಿದ್ದರೂ ನಮ್ಮನ್ನು ಕೂರಿಸಿ ಹೇಳಿದರು. ಯಂತ್ರದ ಹೆಸರು ಎಕ್ಮೋ. ತೊಡೆಯ ಸಂದಿಯಲ್ಲಿ ಒಂದು ದಪ್ಪ ನಳಿಗೆ, ಕುತ್ತಿಗೆಯಲ್ಲಿ ಒಂದು. ಒಂದರಿಂದ ರಕ್ತ ಹೊರಗೆ ಬಂದು ಯಂತ್ರದೊಳಗೆ ಹೋಗಿ ಗಾಳಿ ತುಂಬಿಕೊಂಡು ಇನ್ನೊಂದರಿಂದ ಮೈಯೊಳಗೆ ಹೋಗುತ್ತದೆ. ಶ್ವಾಸಕೋಶದ ಕೆಲಸವನ್ನು ಅಷ್ಟು ದಿನ ಅದು ಮಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡಬೇಕು, ಅದರಿಂದ ಎಲ್ಲಾದರೂ ರಕ್ತ ಸೋರುವ ಅಪಾಯ ಇದೆ, ಮೆದುಳಿನಲ್ಲೂ.

ಹಾಗಾದರೆ ಗುಣವಾಗುತ್ತದೆಯೇ ಎಂದು ಲತಾ ಕೇಳಿದಳು.

"ಯಂತ್ರ ಗುಣ ಮಾಡೂದಿಲ್ಲ ಬಾಯೀ," ಎಂದರು ಡಾಕ್ಟರು. "ಅವಳ ಶ್ವಾಸಕೋಶ ತಾನೇ ಗುಣ ಆಗ್ಬೇಕು. ಅಲ್ಲೀವರೆಗೆ ಯಂತ್ರ ಅವಳಿಗೆ ಟೈಮು ಕೊಡ್ತದೆ, ಅಷ್ಟೇ."

ಆಸ್ಪತ್ರೆಗೆ ಬಿಡದೆ ನಾನು ಅವಳಿಂದ ಕಿತ್ತುಕೊಂಡದ್ದೂ ಅದನ್ನೇ, ಎರಡು ದಿನ.

ಡಾಕ್ಟರು ಎದ್ದುನಿಂತು, ಇನ್ನೊಂದು ಮಾತು ಎಂದು ಕೇಳಿದರು. ಮನೆಯಲ್ಲಿ ಇವಳಿಗಿಂತ ಮೊದಲು ಜ್ವರ, ಕೆಮ್ಮು, ನೆಗಡಿ ಯಾರಿಗಿತ್ತು? ಕೂಸಿನ ಮೇಲೆ ಎಷ್ಟು ದಿನ ಕಣ್ಣಿಡಬೇಕು ಎಂದು ತಿಳಿಯಬೇಕು, ಸರಿಯಾಗಿ ಹೇಳಿ. ಮೂವರೂ ನಿಂತಿದ್ದೆವು. ನನ್ನ ಬಾಯಿ ತೆರೆದಿತ್ತು ಎಂದು ನನಗೆ ನೆನಪಿದೆ. ಅಷ್ಟರಲ್ಲಿ ಕಿಶನ, ನನಗೆ ಇತ್ತು, ನೆಗಡಿ, ಎಂಟನೇ ದಿನ ಬಂದೆ ಎಂದ. ನನ್ನ ಬಾಯಿ ಮುಚ್ಚಿಕೊಂಡಿತು.

ಲತಾ ಅವನ ಕಡೆ ತಿರುಗಿ ನೋಡಿದ ಹಾಗೆ ಯಾರೂ ಯಾರನ್ನೂ ನೋಡಬಾರದು. ಮಳೆಯಲ್ಲಿ ನೆಂದು ಬಂದು ನನ್ನ ಮಗಳ ಮುಖದ ಮೇಲೆ ಸೀನಿದೆ, ನೀನು ಬರದೇ ಇದ್ದಿದ್ದರೆ ಅವಳು ಇವತ್ತು ಮಗುವಿಗೆ ಹೆಸರಿಡುತ್ತಿದ್ದಳು ಎಂದಳು. ಕಾರಿಡಾರಿನಲ್ಲಿದ್ದವರೆಲ್ಲ ನೋಡಿದರು. ಅವನು ತಲೆ ತಗ್ಗಿಸಿ ನಿಂತ. ನಾನು ಮಗುವನ್ನು ಎದೆಗೆ ಒತ್ತಿಕೊಂಡು ನಿಂತೆ. ಹೆದರಿಕೆ ಎಂದರೆ ಅದು. ಆ ನೋಟ ನನ್ನ ಮೇಲೆ ಬೀಳದಿದ್ದರೆ ಸಾಕು ಎನ್ನಿಸಿತು.

ಸಂಜೆಯೊಳಗೆ ಅಲ್ಲೇ ನಳಿಗೆ ಹಾಕಿ ಯಂತ್ರ ಜೋಡಿಸಿದರು. ಅವಳನ್ನು ಗೋವೆಯ ಆಸ್ಪತ್ರೆಗೆ ಕರೆದೊಯ್ಯುವಾಗ ಒಂದು ಸಲ ನೋಡಲು ಬಿಟ್ಟರು. ಆಡಿನ ಕರುಳಿನಷ್ಟು ದಪ್ಪದ ಎರಡು ನಳಿಗೆ, ಒಂದರಲ್ಲಿ ಕಪ್ಪು ರಕ್ತ, ಒಂದರಲ್ಲಿ ಕೆಂಪು. ನಾನು ಎಣ್ಣೆ ತಿಕ್ಕಿದ ಕಾಲು, ನಾನು ತಿಕ್ಕಿದ ಕುತ್ತಿಗೆ. ಮುಖ ಊದಿ ಗುರುತೇ ಸಿಗುತ್ತಿರಲಿಲ್ಲ. ಆಂಬುಲೆನ್ಸು ಕಾಳಿ ಸೇತುವೆ ಕಡೆಗೆ ಹೊರಟಿತು. ಕಿಶನ ಹಿಂದಿನಿಂದ ಯಾರದೋ ಬೈಕಿನಲ್ಲಿ ಹೋದ. ಮಗುವನ್ನು ಪರೀಕ್ಷೆ ಮಾಡಿ, ಏನೂ ಇಲ್ಲ, ಆದರೂ ಈ ಸಿರಪ್ ಹಾಕಿ ಎಂದು ಕೊಟ್ಟರು. ನಾವಿಬ್ಬರೂ ಮಗುವನ್ನು ಕಟ್ಟಿಕೊಂಡು ಭಾವಿಕೇರಿಗೆ ಬಂದೆವು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಮಗುವಿಗೆ ಪುಡಿಹಾಲು ಕಲಸುವುದು ನಾನು, ನೀರು ಹಾಕುವುದು ನಾನು, ಮಲಗಿಸುವುದು ನಾನು. ಲತಾಳ ಕೈಕಾಲು ಆಡುತ್ತಿರಲಿಲ್ಲ. ಬೀರಕ್ಕ, ನೀನೊಬ್ಬಳು ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅವಳು ಹಾಗೆ ಹೇಳುವಾಗ ನಾನು ಎದ್ದು ಮಗುವಿನ ಬಟ್ಟೆ ಒಗೆಯಲು ಹೋಗುತ್ತಿದ್ದೆ. ಬಂದುಹೋದವರಿಗೆಲ್ಲ ಅವಳು ಅಳಿಯನ ಕತೆ ಹೇಳುತ್ತಿದ್ದಳು. ಕೇಳಿದವರು ಲೊಚಗುಟ್ಟುತ್ತಿದ್ದರು. ಒಬ್ಬಿಬ್ಬರು ನನ್ನ ಮುಖ ನೋಡಿ, ನೀನಾದರೂ ಅವನನ್ನು ಒಳಗೆ ಬಿಡಬಾರದಾಗಿತ್ತು ಬೀರಕ್ಕ ಎಂದರು. ಹೌದು ಎಂದು ತಲೆಯಾಡಿಸಿದೆ. ಆಡಿಸಿದೆ, ಸುಳ್ಳಲ್ಲ.

ಕಿಶನ ದಿನಾ ಸಂಜೆ ಐದಕ್ಕೆ ವಿಡಿಯೋ ಫೋನು ಮಾಡುತ್ತಿದ್ದ. ಪೂರ್ಣಿಮಾಳ ಸುದ್ದಿ ಎರಡು ಮಾತಿನಲ್ಲಿ ಹೇಳಿ, ಮಗುವನ್ನು ಒಂದು ಸಲ ತೋರಿಸಿ ಎಂದು ಕೇಳುತ್ತಿದ್ದ. ಲತಾ ಸುದ್ದಿ ಕೇಳಿಕೊಂಡು ಫೋನು ಕಟ್ ಮಾಡುತ್ತಿದ್ದಳು. ಮಗುವನ್ನು ತೋರಿಸಲಿಲ್ಲ, ಒಂದು ದಿನವೂ. ತೋರಿಸಿದರೆ ಫೋನಿನಿಂದ ರೋಗ ಬರುತ್ತದೆಯೇ ಎಂದು ನಾನು ಮೆಲ್ಲಗೆ ಹೇಳಿ ನೋಡಿದೆ. ತಾಯಿ ನೋಡದ ಮಗುವನ್ನು ಅವನು ಯಾಕೆ ನೋಡಬೇಕು ಎಂದಳು. ಮಗು ನನ್ನ ತೊಡೆಯ ಮೇಲೆ ಕೈಕಾಲು ಆಡಿಸುತ್ತಿತ್ತು. ಆ ಹುಡುಗ ಗೋವೆಯಲ್ಲಿ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಒಬ್ಬನೇ ಕೂತಿರುತ್ತಾನೆ, ಅವನ ಮಗು ನನ್ನ ತೊಡೆಯ ಮೇಲೆ. ನನ್ನ ಕೈಯ ತಪ್ಪಿಗೆ ಅವನ ಕೈ ಬರಿದು. ಇದನ್ನು ತಿಳಿದೂ ತಿಳಿದೂ ನಾನು ಎಂಟು ದಿನ ಸುಮ್ಮನಿದ್ದೆ. ನಾಳೆ ಹೇಳುತ್ತೇನೆ, ಪೂರ್ಣಿಮಾಳಿಗೆ ಸ್ವಲ್ಪ ಗುಣ ಕಂಡ ಮೇಲೆ ಹೇಳುತ್ತೇನೆ, ಈಗ ಹೇಳಿದರೆ ಲತಾ ಕುಸಿದುಹೋಗುತ್ತಾಳೆ, ಮಗುವನ್ನು ನೋಡುವವರಾರು ಎಂದೆಲ್ಲ ನೆವ ಹುಡುಕಿದೆ. ನೆವಕ್ಕೇನು ಬರ?

ಯಂತ್ರ ಹಾಕಿದ ಒಂಬತ್ತನೇ ದಿನದ ಸಂಜೆ ಫೋನು ಬಂದಾಗ ಕಿಶನನ ದನಿ ಬೇರೆಯಾಗಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ರಕ್ತ ತೆಳು ಮಾಡುವ ಔಷಧ ನಿಲ್ಲಿಸಿದ್ದಾರೆ. ನಿಲ್ಲಿಸಿದರೆ ಯಂತ್ರದೊಳಗೆ ಹೆಪ್ಪುಗಟ್ಟಬಹುದು, ನಿಲ್ಲಿಸದಿದ್ದರೆ ರಕ್ತ ನಿಲ್ಲುವುದಿಲ್ಲ. ಈ ರಾತ್ರಿ ಕಳೆಯಬೇಕು ಎಂದಿದ್ದಾರೆ. ಇಷ್ಟು ಹೇಳಿ ಅವನು, ಅತ್ತೆ, ಇವತ್ತು ಒಂದು ಸಲ ಕೂಸನ್ನು ತೋರಿಸಿ, ಅವಳ ಕಿವಿಯಲ್ಲಿ ಹೋಗಿ ಹೇಳುತ್ತೇನೆ, ನೋಡಿದೆ ಅಂತ ಎಂದ. ಲತಾ ಫೋನನ್ನು ಚಾಪೆಯ ಮೇಲೆ ಎಸೆದು ಅಳುತ್ತಾ ಬಾವಿಕಟ್ಟೆಯ ಕಡೆ ಹೋದಳು. ಫೋನು ಕಟ್ ಆಗಿರಲಿಲ್ಲ. ಅದರಲ್ಲಿ ಮಾಡಿನ ಹಂಚು ಮಾತ್ರ ಅವನಿಗೆ ಕಾಣುತ್ತಿತ್ತೇನೋ, ಅತ್ತೆ, ಅತ್ತೆ ಎಂದು ಕರೆಯುತ್ತಲೇ ಇದ್ದ.

ಫೋನನ್ನು ಎತ್ತಿಕೊಂಡೆ. ಗಡ್ಡ ಬಂದು, ಕಣ್ಣು ಗುಳಿಬಿದ್ದು, ಹತ್ತು ವರ್ಷ ಹೆಚ್ಚಿನವನ ಹಾಗೆ ಕಾಣುತ್ತಿದ್ದ. ಈ ಮುಖ ನೋಡಿದ ಮೇಲೂ ಸುಮ್ಮನಿದ್ದರೆ ನಾನು ಮನುಷ್ಯಳಲ್ಲ ಎನ್ನಿಸಿತು.

"ತಮಾ, ನಾ ಒಂದು ಮಾತು ಹೇಳ್ತೆ, ಪೂರಾ ಕೇಳು," ಎಂದೆ. "ಇದು ನಿನ್ನಿಂದ ಬಂದದ್ದಲ್ಲ. ನೀ ಬರೂಕಿಂತ ಎರಡು ದಿನ ಮೊದ್ಲೇ ನಂಗೆ ಜ್ವರ ಇತ್ತು. ಗುಳಿಗೆ ನುಂಗಿ, ಯಾರಿಗೂ ಹೇಳ್ದೆ, ಮೂರು ದಿನ ಅವಳಿಗೆ ನೀರು ಹಾಕ್ದೆ. ನಾನೇ ಕೊಟ್ಟದ್ದು."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನನ್ನ ಟೆಸ್ಟ್ ನೆಗೆಟಿವ್ ಬಂದಿತ್ತು ಬೀರಕ್ಕ," ಎಂದ. "ಕಾರವಾರದಲ್ಲೇ ಮಾಡಿದ್ರು. ನನ್ನಿಂದ ಅಲ್ಲ ಅಂತ ಮಾರನೇ ದಿನವೇ ಗೊತ್ತಾಗಿತ್ತು."

ನನಗೆ ಅರ್ಥವಾಗಲಿಲ್ಲ. ಗೊತ್ತಿದ್ದೂ ಯಾಕೆ ಬೈಸಿಕೊಂಡೆ ಎಂದು ಕೇಳಿದೆ.

"ನಾ ಅತ್ತೆ ಅಂತ ತಿಳ್ಕೊಂಡಿದ್ದೆ. ಆ ವಾರ ಫೋನಲ್ಲಿ ಅವ್ರು ಕೆಮ್ಮತಿದ್ರಲ್ಲ. ಮಗಳಿಗೆ ತಾನೇ ಕೊಟ್ಟೆ ಅಂತ ಗೊತ್ತಾದ್ರೆ ಅವ್ರು ಉಳಿಯೂದಿಲ್ಲ. ನನ್ನ ಮೇಲೇ ಇರ್ಲಿ ಅಂತ ಬಿಟ್ಟೆ."

ಲತಾಳಿಗೆ ಆ ಕೆಮ್ಮು ಅಂಟಿಸಿದವಳೂ ನಾನೇ. ಒಬ್ಬಳನ್ನು ಯಂತ್ರಕ್ಕೆ ಹಾಕಿದ್ದಲ್ಲದೆ, ತಪ್ಪಿಲ್ಲದವನ ಮೇಲೆ ತಪ್ಪು ಹೊರಿಸಿದ್ದಲ್ಲದೆ, ಹೆತ್ತ ತಾಯಿಯನ್ನೂ ಅವನ ಮನಸ್ಸಿನಲ್ಲಿ ಒಂಬತ್ತು ದಿನ ಅಪರಾಧಿ ಮಾಡಿ ಇಟ್ಟಿದ್ದೆ. ಅವಳು ದಿನವೂ ಬೈಯುತ್ತಿದ್ದಳು. ಅವಳನ್ನು ಉಳಿಸಬೇಕು ಎಂದು ಅವನು ಬೈಸಿಕೊಳ್ಳುತ್ತಿದ್ದ. ನಡುವೆ ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ನನಗೆ ನನ್ನ ಮೇಲೆ ಹೇಸಿಗೆ ಬಂತು.

ನೀನೇ ಅವಳಿಗೆ ಹೇಳು ತಮಾ, ನನ್ನ ಬಾಯಿಂದ ಆಗುವುದಿಲ್ಲ ಎಂದು ಬೇಡಿಕೊಂಡೆ. ಅವನು ಒಪ್ಪಲಿಲ್ಲ. ಅತ್ತೆಗೆ ನೀವೇ ಹೇಳಬೇಕು, ನಾನು ಹೇಳಿದರೆ ನಿಮ್ಮ ಮೇಲೆ ಹೊರಿಸಿದ ಹಾಗಾಗುತ್ತದೆ ಎಂದ. ಆ ಹೊತ್ತಿನಲ್ಲೂ ಅವನು ನನ್ನನ್ನು ನೀವು ಎಂದೇ ಕರೆದ. ಫೋನು ಇಡಲಿಲ್ಲ. ಕಾಯುತ್ತೇನೆ ಎಂದ.

ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಫೋನು. ಬಾವಿಕಟ್ಟೆಗೆ ಹೋದೆ. ಇಪ್ಪತ್ತು ಹೆಜ್ಜೆ ಇರಬಹುದು. ಲತಾ ಕಟ್ಟೆಯ ಮೇಲೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ಎದುರು ನಿಂತು ಕಿಶನನಿಗೆ ಹೇಳಿದ್ದನ್ನೇ ಹೇಳಿದೆ. ಚಂಪಾಳ ಪಕ್ಕ ಕೂತದ್ದು, ಗುಳಿಗೆ ನುಂಗಿದ್ದು, ಮೂರು ದಿನ ಅಡಗಿಸಿದ್ದು, ಎರಡು ದಿನ ಆಸ್ಪತ್ರೆಗೆ ಬಿಡದಿದ್ದದ್ದು. ಯಾಕೆ ಎಂದು ಕೇಳಿದಳು. ಮಲ್ಲಾಪುರದವಳು ಬರುತ್ತಾಳೆ ಎಂದು, ನನ್ನ ಕೆಲಸ ಇನ್ನೊಬ್ಬಳ ಕೈಗೆ ಹೋಗುತ್ತದೆ ಎಂದು. ಬಾಯಿಂದ ಹೊರಗೆ ಬಂದ ಮೇಲೆ ಕೇಳಿದರೆ ಎಷ್ಟು ಸಣ್ಣ ಮಾತು ಅದು. ಕಿಶನನ ಟೆಸ್ಟಿನ ಸುದ್ದಿಯನ್ನೂ ಹೇಳಿದೆ. ಅವಳ ಕೆಮ್ಮಿನ ಸುದ್ದಿಯನ್ನು ಹೇಳಲಿಲ್ಲ. ಅವನು ಮುಚ್ಚಿಟ್ಟದ್ದನ್ನು ನಾನು ತೆರೆಯಲಿಲ್ಲ, ಅದೊಂದು ಸರಿ ಮಾಡಿದೆ.

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಎದ್ದು ಬಂದು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಮೇಲೆ ಫೋನನ್ನು ತೆಗೆದುಕೊಂಡಳು. ಮಗುವಿನ ಮುಖ ಫೋನಿಗೆ ಹಿಡಿದು ಮನೆಯ ಕಡೆ ನಡೆದಳು. ಒಳಗಿನಿಂದ, ನೋಡು ತಮಾ, ನಿನ್ನ ಮಗಳು ನೋಡು, ಮೂಗು ನಿನ್ನದೇ ಎಂದು ಅವಳು ಅಳುತ್ತಾ ಹೇಳುವುದು ಕೇಳಿಸಿತು. ನಾನು ಬಾವಿಕಟ್ಟೆಯಲ್ಲೇ ಸ್ವಲ್ಪ ಹೊತ್ತು ನಿಂತು, ನಮ್ಮ ಮನೆಗೆ ಬಂದೆ.

ಆ ರಾತ್ರಿ ಕಳೆಯಿತು. ರಕ್ತ ನಿಂತಿತು ಎಂದು ನನಗೆ ತಿಳಿದದ್ದು ಮೂರು ದಿನದ ಮೇಲೆ, ಅಂಗಡಿಯಲ್ಲಿ ಯಾರೋ ಮಾತಾಡುತ್ತಿದ್ದುದರಿಂದ. ಲತಾ ಮಗುವನ್ನು ನೋಡಿಕೊಳ್ಳಲು ತನ್ನ ತಂಗಿ ರೂಪಾಲಿಯನ್ನು ಕಾರವಾರದಿಂದ ಕರೆಸಿಕೊಂಡಿದ್ದಳು. ಯಂತ್ರ ಹಾಕಿದ ಹತ್ತೊಂಬತ್ತನೇ ದಿನ ಅದನ್ನು ತೆಗೆದರಂತೆ. ಆಮೇಲೂ ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟು, ಕೂರುವುದು ನಿಲ್ಲುವುದು ಕಲಿಸಿ, ಎರಡು ತಿಂಗಳು ಅಲ್ಲೇ ಇಟ್ಟುಕೊಂಡರು. ಈ ನಡುವೆ ಊರಿಗೆಲ್ಲ ವಿಷಯ ತಿಳಿಯಿತು. ಲತಾ ಹೇಳಲಿಲ್ಲ. ಅಳಿಯನ ಬಗ್ಗೆ ಯಾರು ಮಾತೆತ್ತಿದರೋ ಅವರಿಗೆಲ್ಲ ನಾನೇ ಹೋಗಿ ಹೇಳಿದೆ. ಕೆಲವರು ಅಯ್ಯೋ ಎಂದರು, ಕೆಲವರು ಮುಖ ತಿರುಗಿಸಿದರು. ಒಂದು ಮನೆಯವರು ಮಾತ್ರ ಆದದ್ದಾಯಿತು, ನಮ್ಮ ಸೊಸೆಗೆ ನೀರು ಹಾಕು ಬಾ ಎಂದು ಕರೆದರು. ನಾನು ಹೋಗಲಿಲ್ಲ. ಕೈ ಏಳಲಿಲ್ಲ.

ನವರಾತ್ರಿ ಮುಗಿದ ವಾರ ಪೂರ್ಣಿಮಾ ಬಂದಳು. ಕಿಶನ ಕೈ ಹಿಡಿದು ಕಾರಿನಿಂದ ಇಳಿಸಿದ್ದನ್ನು ನಮ್ಮ ಬೇಲಿಯ ಈಚೆಯಿಂದ ನೋಡಿದೆ. ಅಂಗಳ ದಾಟಿ ಜಗಲಿ ಹತ್ತುವುದರೊಳಗೆ ಎರಡು ಸಲ ನಿಂತಳು. ನನ್ನ ಕಾಲು ಆ ಕಡೆ ಹೋಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಲತಾ ಬೇಲಿಯ ಹತ್ತಿರ ಬಂದು, ನನ್ನ ಮುಖ ನೋಡದೆ, ಅವಳು ಕರೀತಾಳೆ ಎಂದು ಹೇಳಿ ಹೋದಳು.

ಪೂರ್ಣಿಮಾ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಕುತ್ತಿಗೆಗೆ ಒಂದು ತೆಳ್ಳನೆ ಬಟ್ಟೆ ಸುತ್ತಿದ್ದಳು, ಕೈ ಕಡ್ಡಿಯಾಗಿತ್ತು. ಹತ್ತಿರ ಕೂತುಕೋ ಎಂದಳು. ನಾನು ಮೆಟ್ಟಿಲ ಮೇಲೆ ಕೂತೆ, ಅಷ್ಟು ದೂರವೇ ನನಗೆ ಸರಿ. ಏನೇನೋ ಹೇಳಬೇಕು ಎಂದು ಅವಳು ಮನೆಗೆ ಬಂದ ದಿನದಿಂದ ಜೋಡಿಸಿಕೊಂಡಿದ್ದೆ, ಕಾಲು ಹಿಡಿಯಬೇಕು ಎಂದೂ ಇತ್ತು. ಅವಳ ಮುಖ ನೋಡಿದ ಮೇಲೆ ಅಳುವುದನ್ನು ಬಿಟ್ಟು ಏನೂ ಆಗಲಿಲ್ಲ. ಅವಳು ನನ್ನ ಅಳು ನಿಲ್ಲುವವರೆಗೆ ಕಾದಳು. ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅವಳಿಗೆ ಕೇಳುವುದಿತ್ತು. ಮೂರು ತಿಂಗಳು ಮಲಗಿಕೊಂಡು ಯೋಚಿಸಿಯೂ ಅರ್ಥವಾಗದ್ದನ್ನು ಕೇಳುವವಳ ಹಾಗೆ, ಉಸಿರು ಸಾಲದೆ ನಡುನಡುವೆ ನಿಲ್ಲಿಸಿ ಕೇಳಿದಳು.

"ಬೀರಕ್ಕ, ಒಂದಿನ ನೀರು ಹಾಕ್ದೆ ಇದ್ರೆ ನಾ ಸಾಯ್ತಿದ್ನೇ?"

"ಇಲ್ಲ ತಂಗೀ," ಎಂದೆ. "ಸಾಯ್ತಿರ್ಲಿಲ್ಲ."